ವಿದ್ಯಾರ್ಥಿಯ ಮನಸ್ಸು: ಫಲಿತಾಂಶಕ್ಕೆ ಮೊದಲೇ ತೋರಿಸಬೇಕಾದ ದಾರಿ

ಮಗು ಹುಟ್ಟಿದ ದಿನದಿಂದ ಅದರ ಆರೋಗ್ಯವನ್ನು ಕಾಯುವುದಕ್ಕೆ ನಮ್ಮಲ್ಲಿ ಒಂದು ಕ್ರಮ ಏರ್ಪಟ್ಟಿದೆ. ತಾಯಿ ಕಾರ್ಡಿನಲ್ಲಿ ಮಗುವಿನ ತೂಕವನ್ನು ಗುರುತಿಸುತ್ತಾರೆ. ಆರನೆಯ, ಹತ್ತನೆಯ, ಹದಿನಾಲ್ಕನೆಯ ವಾರಗಳಲ್ಲಿ ಚುಚ್ಚುಮದ್ದು ಹಾಕುತ್ತಾರೆ. ಹತ್ತನೆಯ ಮತ್ತು ಹದಿನಾರನೆಯ ವಯಸ್ಸಿನಲ್ಲಿ ಧನುರ್ವಾಯು ಮತ್ತು ಗಂಟಲುಮಾರಿಗಳನ್ನು ತಡೆಯುವ ಟಿ.ಡಿ. ಚುಚ್ಚುಮದ್ದನ್ನು ಕೊಡುತ್ತಾರೆ. ಅಲ್ಲಿಗೆ ಎಲ್ಲವೂ ಮುಗಿದಂತಾಗಿ, ತಾಯಿಯು ಆ ಕಾರ್ಡನ್ನು ಪಡಿತರ ಚೀಟಿಯ ಜೊತೆಗೆ ಪೆಟ್ಟಿಗೆಯ ತಳದಲ್ಲಿಟ್ಟು ನಿಶ್ಚಿಂತಳಾಗುತ್ತಾಳೆ. ಆದರೆ ವಿದ್ಯಾರ್ಥಿ ಜೀವನದ ಅತ್ಯಂತ ಕಠಿಣವಾದ ತಿರುವು ಎದುರಾಗುವುದು ಆ ಹದಿನಾರನೆಯ ವಯಸ್ಸಿನ ಆಸುಪಾಸಿನಲ್ಲಿಯೇ. ಎಸ್.ಎಸ್.ಎಲ್.ಸಿ. ಮುಗಿಯುತ್ತದೆ, ಮುಂದೇನು ಎಂಬ ಪ್ರಶ್ನೆ ಹುಟ್ಟುತ್ತದೆ, ಹಲವು ಮಕ್ಕಳು ಮೊದಲ ಬಾರಿಗೆ ಮನೆಯನ್ನು ಬಿಟ್ಟು ವಿದ್ಯಾರ್ಥಿನಿಲಯವನ್ನು ಸೇರುತ್ತಾರೆ. ಈ ವಯಸ್ಸಿನ ಮನಸ್ಸಿಗೆ ಹಾಕುವ ಲಸಿಕೆ ಯಾವುದೂ ಇಲ್ಲ. ಮನೆಯವರು ಮತ್ತು ಉಪಾಧ್ಯಾಯರು ಏನು ಮಾಡಬಹುದೆಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 10ರಿಂದ 19 ವರ್ಷದೊಳಗಿನ ಪ್ರತಿ ಏಳು ಮಂದಿಯಲ್ಲಿ ಒಬ್ಬರಿಗೆ ಯಾವುದಾದರೊಂದು ಬಗೆಯ ಮಾನಸಿಕ ತೊಂದರೆ ಇರುತ್ತದೆ. ನಲವತ್ತೆರಡು ಮಕ್ಕಳಿರುವ ಒಂದು ತರಗತಿಯನ್ನು ನೆನೆಸಿಕೊಳ್ಳಿ. ಈ ಲೆಕ್ಕದಂತೆ ಅದರಲ್ಲಿ ಆರು ಮಂದಿ. ಇವರು ಯಾರೆಂದು ಉಪಾಧ್ಯಾಯರಿಗೆ ತಿಳಿದಿರುವುದು ಅಪರೂಪ. ಗಲಾಟೆ ಮಾಡುವ ಮಗು ಕಣ್ಣಿಗೆ ಬೀಳುತ್ತದೆ. ಸುಮ್ಮನೆ ಕುಳಿತಿರುವ ಮಗುವನ್ನು ನಾವು ಒಳ್ಳೆಯ ಮಗುವೆಂದು ಹೊಗಳಿಬಿಡುತ್ತೇವೆ.

ಒಂದು ಉದಾಹರಣೆ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ನಮ್ಮ ನಾಡಿನ ಹಲವು ಮನೆಗಳಲ್ಲಿ ನಡೆಯುವುದನ್ನು ಒಟ್ಟುಗೂಡಿಸಿ ಹೇಳುತ್ತಿದ್ದೇವೆ.

ಹಳ್ಳಿಯ ಸರಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಊರಿಗೇ ಹೆಚ್ಚು ಅಂಕ ಪಡೆದ ಹುಡುಗಿಯೊಬ್ಬಳಿದ್ದಾಳೆ. ಅವಳಿಗೆ ಡಾಕ್ಟರಾಗಬೇಕೆಂಬ ಆಸೆ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ವಿಜ್ಞಾನ ವಿಭಾಗಕ್ಕೆ ಸೇರುತ್ತಾಳೆ, ವಿದ್ಯಾರ್ಥಿನಿಲಯದಲ್ಲಿ ವಾಸ. ಇಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ದ್ಯುತಿಸಂಶ್ಲೇಷಣೆಯನ್ನು ಚಿತ್ರ ಬರೆದು ವಿವರಿಸಬಲ್ಲ ಈ ಹುಡುಗಿಯು ‘ಫೋಟೋಸಿಂಥೆಸಿಸ್’ ಎಂಬ ಮಾತನ್ನು ಕೇಳಿ, ಅದು ತಾನು ಕಲಿಯದ ಬೇರೆ ಯಾವುದೋ ವಿಷಯವೆಂದು ಭಾವಿಸುತ್ತಾಳೆ. ವೇಗೋತ್ಕರ್ಷದ ಲೆಕ್ಕವನ್ನು ಬಿಡಿಸಬಲ್ಲವಳು ‘ಆಕ್ಸಲರೇಷನ್’ ಎಂದೊಡನೆ ತಬ್ಬಿಬ್ಬಾಗುತ್ತಾಳೆ. ಪಕ್ಕದಲ್ಲಿ ಕುಳಿತವರು ಸರಸರನೆ ಬರೆದುಕೊಳ್ಳುತ್ತಾರೆ. ಸಂದೇಹ ಕೇಳಲು ಎದ್ದು ನಿಂತರೆ ಮಾತು ಬಾಯಿಗೆ ಬರುವುದಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಅಂಕಗಳು ತೀರ ಕಡಿಮೆಯಾಗುತ್ತವೆ. ತನಗೆ ಭಾಷೆ ಹೊಸದು ಎಂದು ಅವಳಿಗೆ ಅನಿಸುವುದಿಲ್ಲ; ತಾನೇ ದಡ್ಡಿ, ಊರಿನವರು ಹೊಗಳಿದ್ದೆಲ್ಲ ಸುಳ್ಳು ಎಂದು ಅನಿಸುತ್ತದೆ.

ದಸರಾ ರಜೆಗೆ ಮನೆಗೆ ಬಂದಾಗ ಅವಳು ಸೊರಗಿರುತ್ತಾಳೆ. ಊಟ ಸೇರುವುದಿಲ್ಲ, ರಾತ್ರಿ ನಿದ್ರೆಯಿಲ್ಲ. ಕಾಲೇಜಿಗೆ ಹಿಂದಿರುಗುವ ದಿನ ಬೆಳಿಗ್ಗೆ ಹೊಟ್ಟೆನೋವು ಬರುತ್ತದೆ. ಅಜ್ಜಿಯು ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾಳೆ. ಇದರಿಂದ ಕೆಡುಕೇನೂ ಇಲ್ಲ. ಪ್ರೀತಿಯಿಂದ ಮೈದಡವಿದರೆ ಯಾವ ಮಗುವಿಗೂ ಸಮಾಧಾನವೇ. ಅಷ್ಟಕ್ಕೇ ನಿಂತುಬಿಡುವುದು ಮಾತ್ರ ತಪ್ಪು. ಆ ರಾತ್ರಿ ತಂದೆಯು ತಾಯಿಯೊಡನೆ ಹೇಳುವ ಮಾತು ಒಳಗೆ ಮಲಗಿರುವ ಮಗಳ ಕಿವಿಗೆ ಬೀಳುತ್ತದೆ: “ಓದು ತಲೆಗೆ ಹತ್ತದಿದ್ದರೆ ಬಿಡಲಿ. ಹೇಗೂ ಒಳ್ಳೆಯ ಸಂಬಂಧ ಕೇಳಿಕೊಂಡು ಬಂದಿದ್ದಾರೆ.”

ಓದುಗರೇ, ತಂದೆಯು ಈ ಮಾತನ್ನು ಕ್ರೂರತನದಿಂದ ಆಡಿದವನಲ್ಲ. ಮಗಳ ಕಷ್ಟವನ್ನು ನೋಡಲಾರದೆ ತನಗೆ ತಿಳಿದ ಪರಿಹಾರವನ್ನು ಹೇಳಿದ್ದಾನೆ. ಆದರೆ ಮಗಳಿಗೆ ಅದು ಹೇಗೆ ಕೇಳಿಸಿತೆಂಬುದನ್ನು ಯೋಚಿಸಿ. ಒಂದು ಪರೀಕ್ಷೆಯಲ್ಲಿ ಸೋತರೆ ಓದು ನಿಲ್ಲುತ್ತದೆ, ಓದು ನಿಂತರೆ ಮದುವೆ, ಅಲ್ಲಿಗೆ ತಾನು ಕಂಡ ಕನಸು ಮುಗಿಯಿತು. ಹುಡುಗರಿಗೂ ಇಂತಹ ಭಯ ಬೇರೆ ರೂಪದಲ್ಲಿ ಇರುತ್ತದೆ: ಸಾಲ ಮಾಡಿ ಓದಿಸಿದ ತಂದೆಯ ಮುಖವನ್ನು ಹೇಗೆ ನೋಡುವುದು ಎಂಬ ಭಯ. ಹುಡುಗಿಗೆ ಹದಿನೆಂಟು ತುಂಬುವ ಮೊದಲು ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ ಅಪರಾಧವೆಂಬುದು ಎಲ್ಲರಿಗೂ ತಿಳಿದಿದೆ. ಮದುವೆಯ ಮಾತನ್ನು ಎತ್ತುವುದರಿಂದಲೇ ಓದುವ ಹುಡುಗಿಯ ಮನಸ್ಸು ಎಷ್ಟು ಕುಗ್ಗುತ್ತದೆಂಬುದು ಅಷ್ಟಾಗಿ ತಿಳಿದಿಲ್ಲ.

ಭರವಸೆ ಎಂದರೇನು?

ಮಕ್ಕಳಿಗೆ ಧೈರ್ಯ ಹೇಳಬೇಕೆಂದು ಎಲ್ಲರೂ ಹೇಳುತ್ತಾರೆ. ‘ಏನೂ ಆಗುವುದಿಲ್ಲ ಬಿಡು, ಎಲ್ಲ ಸರಿಹೋಗುತ್ತದೆ’ ಎಂಬ ಮಾತು ನಮ್ಮ ಬಾಯಲ್ಲಿ ಸಿದ್ಧವಾಗಿರುತ್ತದೆ. ಆದರೆ ಹದಿನಾರು ವರ್ಷದ ಬುದ್ಧಿವಂತ ಮಗುವು ಈ ಮಾತನ್ನು ನಂಬುವುದಿಲ್ಲ. ಹೇಗೆ ಸರಿಹೋಗುತ್ತದೆ ಎಂದು ಅದು ಮನಸ್ಸಿನಲ್ಲಿಯೇ ಕೇಳುತ್ತದೆ, ಉತ್ತರ ಸಿಗುವುದಿಲ್ಲ.

ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಸಿ. ಆರ್. ಸ್ನೈಡರ್ ಅವರು ಭರವಸೆಯ ವಿಷಯವಾಗಿಯೇ ಬಹುಕಾಲ ಅಧ್ಯಯನ ಮಾಡಿದರು. ಅವರು 1990ರ ದಶಕದಲ್ಲಿ ಪ್ರತಿಪಾದಿಸಿದಂತೆ ಭರವಸೆಯಲ್ಲಿ ಮೂರು ಅಂಶಗಳಿವೆ: ತಲುಪಬೇಕಾದ ಗುರಿ, ಅಲ್ಲಿಗೆ ಹೋಗುವ ದಾರಿಗಳು, ಆ ದಾರಿಯಲ್ಲಿ ತಾನು ನಡೆಯಬಲ್ಲೆನೆಂಬ ನಂಬಿಕೆ. ಇಲ್ಲಿ ‘ದಾರಿಗಳು’ ಎಂಬ ಬಹುವಚನವನ್ನು ಗಮನಿಸಬೇಕು. ಭರವಸೆಯುಳ್ಳವರು ಒಂದು ದಾರಿ ಮುಚ್ಚಿದಾಗ ಇನ್ನೊಂದನ್ನು ಕಾಣಬಲ್ಲರು. ಭರವಸೆ ಕಳೆದುಕೊಂಡವರಿಗೆ ಒಂದೇ ದಾರಿ ಕಾಣುತ್ತಿರುತ್ತದೆ. ಅದು ಮುಚ್ಚಿದರೆ ಮುಂದೆ ಗೋಡೆ. ನಮ್ಮ ರೈತರಿಗೆ ಈ ಮಾತು ಹೊಸದಲ್ಲ. ಮಳೆ ಹಿಂದೆ ಬಿದ್ದರೆ ಏನು ಬಿತ್ತಬೇಕೆಂಬುದನ್ನು ಅವರು ಮಳೆಗಾಲಕ್ಕೆ ಮೊದಲೇ ಯೋಚಿಸಿರುತ್ತಾರೆ. ಮಕ್ಕಳ ಓದಿನ ವಿಷಯದಲ್ಲಿ ಮಾತ್ರ ನಾವು ಅಂತಹ ಯೋಚನೆ ಮಾಡುವುದಿಲ್ಲ.

ಆದುದರಿಂದ ಎರಡನೆಯ ದಾರಿಯನ್ನು ಫಲಿತಾಂಶಕ್ಕೆ ಮೊದಲೇ, ಮಗುವಿನ ಮುಂದೆ, ಬಾಯಿಬಿಟ್ಟು ಹೇಳಬೇಕು. ಫಲಿತಾಂಶ ಬಂದ ಮೇಲೆ ಹೇಳಿದರೆ ಅದು ಬರಿಯ ಸಮಾಧಾನದ ಮಾತಾಗಿ ಕೇಳಿಸುತ್ತದೆ. ಹೇಳುವವರು ಯಾರೆಂಬುದೂ ಮುಖ್ಯ. ಮಗುವಿನ ಮುಂದಿನ ಬದುಕಿನ ತೀರ್ಮಾನ ಯಾರ ಕೈಯಲ್ಲಿದೆಯೋ ಅವರೇ, ಬಹುಮಟ್ಟಿಗೆ ತಂದೆಯೇ, ಹೇಳಬೇಕು. “ಪಾಸಾದರೂ ಸರಿ, ಫೇಲಾದರೂ ಸರಿ, ನಿನ್ನ ಓದು ನಿಲ್ಲಿಸುವುದಿಲ್ಲ. ಮದುವೆಯ ಮಾತನ್ನು ಈಗ ಈ ಮನೆಯಲ್ಲಿ ಎತ್ತುವುದಿಲ್ಲ.” ಮೇಲಿನ ಉದಾಹರಣೆಯ ಹುಡುಗಿಗೆ ಇದಕ್ಕಿಂತ ದೊಡ್ಡ ಔಷಧ ಯಾವುದೂ ಇಲ್ಲ. ಒಮ್ಮೆ ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇರುವ ದಾರಿಗಳು

ದಾರಿಗಳಿವೆ ಎಂದು ಹೇಳುವವರಿಗೆ ಅವು ಯಾವುವೆಂದು ತಿಳಿದಿರಬೇಕು. 2024ರಿಂದ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳು ಒಂದೇ ವರ್ಷದಲ್ಲಿ ಮುಖ್ಯ ಪರೀಕ್ಷೆಯನ್ನು ಮತ್ತೆ ಬರೆಯುವ ವ್ಯವಸ್ಥೆ ಬಂದಿದೆ. ‘ಪರೀಕ್ಷೆ ಒಂದು’ ಆದ ಮೇಲೆ ‘ಪರೀಕ್ಷೆ ಎರಡು’ ಇದೆ. ಎರಡರಲ್ಲಿ ಹೆಚ್ಚಾಗಿ ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಒಂದು ವಿಷಯದಲ್ಲಿ ಸೋತ ಮಗುವಿಗೆ ವರ್ಷವೇ ಹಾಳಾಯಿತೆಂಬ ಮಾತು ಇಂದು ಸರಿಯಲ್ಲ.

ಎಂಜಿನಿಯರ್ ಆಗಲು ಪಿ.ಯು.ಸಿ. ವಿಜ್ಞಾನವೊಂದೇ ದಾರಿಯೆಂದು ಹಲವರು ನಂಬಿದ್ದಾರೆ. ಎಸ್.ಎಸ್.ಎಲ್.ಸಿ. ಆದವರು ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಕೈಕೆಲಸದಲ್ಲಿ ಆಸಕ್ತಿಯುಳ್ಳವರಿಗೆ ಐ.ಟಿ.ಐ. ಇದೆ, ವೆಲ್ಡರ್, ವೈರ್‌ಮನ್ ಮುಂತಾದ ಕೆಲವು ವೃತ್ತಿಗಳಿಗೆ ಎಂಟನೆಯ ತರಗತಿ ತೇರ್ಗಡೆಯಾಗಿದ್ದರೆ ಸಾಕು. ರೋಗಿಗಳ ಸೇವೆ ಮಾಡಬೇಕೆಂಬ ಆಸೆಯಿದ್ದು ವಿಜ್ಞಾನ ಒಗ್ಗದವರಿಗೆ, ಪಿ.ಯು.ಸಿ.ಯಲ್ಲಿ ಕಲಾ ವಿಭಾಗವನ್ನು ಓದಿದ ಮೇಲೂ ಜಿ.ಎನ್.ಎಂ. ಶುಶ್ರೂಷಾ ಶಿಕ್ಷಣ ಪಡೆಯುವ ಅವಕಾಶವಿದೆ. ಇವುಗಳಲ್ಲಿ ಯಾವುದನ್ನೂ ‘ದಡ್ಡರ ದಾರಿ’ ಎಂದು ಮನೆಯಲ್ಲಿ ಕರೆಯಕೂಡದು. ಹಾಗೆ ಕರೆದ ದಾರಿಯು ಮಗುವಿನ ಪಾಲಿಗೆ ಇದ್ದೂ ಇಲ್ಲದಂತೆ.

ದೂರದ ದಾರಿಯ ಜೊತೆಗೆ ನಾಳೆ ಮಾಡಬಹುದಾದ ಒಂದು ಸಣ್ಣ ಕೆಲಸವೂ ಬೇಕು; ತಾನು ನಡೆಯಬಲ್ಲೆನೆಂಬ ನಂಬಿಕೆ ಮಾತಿನಿಂದ ಬರುವುದಿಲ್ಲ, ಮಾಡಿದ ಕೆಲಸದಿಂದ ಬರುತ್ತದೆ. ನಮ್ಮ ಉದಾಹರಣೆಯ ಹುಡುಗಿಯು ಒಂದು ಪುಸ್ತಕದಲ್ಲಿ ಎಡಗಡೆ ಕನ್ನಡದ ಪಾರಿಭಾಷಿಕ ಪದವನ್ನೂ ಬಲಗಡೆ ಅದೇ ಅರ್ಥದ ಇಂಗ್ಲಿಷ್ ಪದವನ್ನೂ ದಿನಕ್ಕೆ ಹತ್ತರಂತೆ ಬರೆದುಕೊಳ್ಳಲಿ. ಎರಡು ತಿಂಗಳಲ್ಲಿ ಆರುನೂರು ಪದಗಳಾಗುತ್ತವೆ. ಅವುಗಳಲ್ಲಿ ಬಹುಪಾಲು ವಿಷಯ ತನಗೆ ಮೊದಲೇ ತಿಳಿದಿತ್ತೆಂಬುದು ಅವಳಿಗೇ ಗೊತ್ತಾಗುತ್ತದೆ. ಪಾಠ ಮುಗಿಯುವ ಮೊದಲು ಐದು ನಿಮಿಷ ಅದೇ ವಿಷಯವನ್ನು ಕನ್ನಡದಲ್ಲಿ ಹೇಳುವ ಉಪನ್ಯಾಸಕರು ಇಂತಹ ಮಕ್ಕಳಿಗೆ ಮಾಡುವ ಉಪಕಾರ ಅವರಿಗೇ ತಿಳಿದಿರಲಾರದು. ಇದರಿಂದ ಇಂಗ್ಲಿಷ್ ಕೆಡುತ್ತದೆಂಬ ವಾದವನ್ನು ನಾವು ಒಪ್ಪುವುದಿಲ್ಲ.

ದೇಹವನ್ನೂ ನೋಡಬೇಕು

ಮನಸ್ಸಿನ ದಣಿವೆಂದು ತೋರುವುದು ಕೆಲವೊಮ್ಮೆ ರಕ್ತಹೀನತೆಯಾಗಿರುತ್ತದೆ. ಹದಿಹರೆಯದ ಹುಡುಗಿಯರಲ್ಲಿ ಇದು ಬಹಳ ಸಾಮಾನ್ಯ. ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರಮಾಣವು ಡೆಸಿಲೀಟರಿಗೆ 12 ಗ್ರಾಮಿಗಿಂತ ಕಡಿಮೆಯಾದರೆ ಆಯಾಸ, ತಲೆಸುತ್ತು, ಓದಿನಲ್ಲಿ ಗಮನ ನಿಲ್ಲದಿರುವುದು ಕಾಣಿಸುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆಯನ್ನು ಮಾಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಬಿಸಾಡದೆ ಊಟದ ನಂತರ ನುಂಗುವಂತೆ ಮಕ್ಕಳಿಗೆ ತಿಳಿಯಹೇಳಿ.

ನಿದ್ರೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಬೆಳಗಿನ ನಾಲ್ಕಕ್ಕೆ ಎಬ್ಬಿಸಿ ಓದಿಸುವುದು ಒಳ್ಳೆಯದೆಂದು ಹೇಳುತ್ತಾರೆ. ರಾತ್ರಿ ಎಂಟಕ್ಕೆ ಮಲಗುವ ಮನೆಯಲ್ಲಿ ಅದು ಸರಿ. ಹನ್ನೊಂದಕ್ಕೆ ಮಲಗಿದ ಮಗುವನ್ನು ನಾಲ್ಕಕ್ಕೆ ಎಬ್ಬಿಸುವುದು ಸರಿಯಲ್ಲ. ಈ ವಯಸ್ಸಿನವರಿಗೆ ಎಂಟು ಗಂಟೆಯಾದರೂ ನಿದ್ರೆ ಬೇಕು. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೆ ನಿದ್ರೆ ಅಗತ್ಯ. ಮಲಗುವಾಗ ಮೊಬೈಲ್ ಫೋನನ್ನು ಹೊರಗಿಡಬೇಕು. ತಂದೆತಾಯಿಯೂ ಹಾಗೆ ಮಾಡಿದರೆ ಮಕ್ಕಳು ಮಾತು ಕೇಳುತ್ತಾರೆ.

ಫಲಿತಾಂಶದ ದಿನ

ಹಿಂದೆ ಫಲಿತಾಂಶವನ್ನು ಶಾಲೆಯ ಗೋಡೆಯ ಮೇಲೆ ಅಂಟಿಸುತ್ತಿದ್ದರು. ಮಕ್ಕಳು ಗುಂಪಾಗಿ ಹೋಗಿ ನೋಡುತ್ತಿದ್ದರು. ಸೋತವನ ಹೆಗಲ ಮೇಲೆ ಕೈಹಾಕಲು ಅಲ್ಲೊಬ್ಬ ಗೆಳೆಯನಿರುತ್ತಿದ್ದನು. ಇಂದು ಫಲಿತಾಂಶ ಮೊಬೈಲ್ ಫೋನಿಗೆ ಬರುತ್ತದೆ. ತಂದೆತಾಯಿ ಹೊಲಕ್ಕೋ ಕೂಲಿಗೋ ಹೋಗಿರುವಾಗ ಮಗುವು ಒಬ್ಬಂಟಿಯಾಗಿ ಅದನ್ನು ನೋಡುತ್ತದೆ. ಆದುದರಿಂದ ಆ ದಿನ ಒಬ್ಬರಾದರೂ ಮನೆಯಲ್ಲಿರಬೇಕು. ಅರ್ಧ ದಿನದ ಕೂಲಿ ಹೋದರೂ ಚಿಂತೆಯಿಲ್ಲ. ಒಟ್ಟಿಗೆ ಕುಳಿತು ಫಲಿತಾಂಶ ನೋಡಿ. ಬಂದದ್ದು ಏನೇ ಆಗಿರಲಿ, ಮೊದಲು ಊಟವಾಗಲಿ. ಬಂಧುಗಳ ಫೋನಿಗೆ ನೀವೇ ಉತ್ತರ ಕೊಡಿ. ಮಗುವಿನ ಕೈಗೆ ಕೊಟ್ಟು ‘ಮಾವನಿಗೆ ನೀನೇ ಹೇಳು’ ಎನ್ನಬೇಡಿ. ಪಕ್ಕದ ಮನೆಯ ಮಗುವಿನ ಅಂಕವನ್ನು ಆ ದಿನ ಕೇಳದಿರುವುದೇ ಲೇಸು. ಮುಂದೇನು ಎಂಬ ಚರ್ಚೆಯನ್ನು ಎರಡು ದಿನ ಬಿಟ್ಟು ಮಾಡಬಹುದು. ದಾರಿಗಳನ್ನು ಮೊದಲೇ ಹೇಳಿಟ್ಟಿದ್ದರೆ ಆತುರವೇನೂ ಇರುವುದಿಲ್ಲ.

ಬೆಳೆಗೆ ಸಿಂಪಡಿಸುವ ಕೀಟನಾಶಕಗಳನ್ನೂ ಮನೆಯ ಹಿರಿಯರ ಮಾತ್ರೆಗಳನ್ನೂ ಆ ದಿನವಷ್ಟೇ ಅಲ್ಲ, ವರ್ಷವಿಡೀ ಬೀಗ ಹಾಕಿ ಇಡಬೇಕು. ಬೀಗದ ಕೈ ಹಿರಿಯರೊಬ್ಬರ ಬಳಿಯೇ ಇರಬೇಕು. ಈ ಮಾತನ್ನು ಓದುವಾಗ ನಿಮ್ಮ ಮನಸ್ಸಿಗೆ ಕಸಿವಿಸಿಯಾಗಬಹುದು. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ಇವರೆಲ್ಲರ ಸಾವಿಗೂ ಪರೀಕ್ಷೆಯೇ ಕಾರಣವೆಂದು ಹೇಳುವಂತಿಲ್ಲ. ಒಂದೊಂದು ಸಾವಿನ ಹಿಂದೆಯೂ ಹಲವು ಕಾರಣಗಳು ಕೂಡಿರುತ್ತವೆ. ಸಾಯಬೇಕೆಂಬ ತೀವ್ರ ಯೋಚನೆಯು ಎಷ್ಟೋ ಸಲ ಸ್ವಲ್ಪ ಹೊತ್ತಿನಲ್ಲಿ ಇಳಿದುಹೋಗುವಂಥದು. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ, ಜೊತೆಯಲ್ಲಿ ಒಬ್ಬರಿದ್ದರೆ, ಜೀವ ಉಳಿಯುತ್ತದೆ.

ಯಾವಾಗ ಎಚ್ಚರ ವಹಿಸಬೇಕು?

ಪರೀಕ್ಷೆಯ ಮುಂಚಿನ ದಿಗಿಲು, ಅಂಕ ಕಡಿಮೆ ಬಂದಾಗಿನ ಅಳು ರೋಗವಲ್ಲ. ಕೆಲವು ದಿನಗಳಲ್ಲಿ ಅವು ತಾವಾಗಿಯೇ ಇಳಿಯುತ್ತವೆ. ಎರಡು ವಾರ ಕಳೆದರೂ ಮಂಕುತನ ಹೋಗದೆ, ನಿದ್ರೆ ಊಟಗಳು ಕೆಟ್ಟು, ಪ್ರೀತಿಯ ಆಟ ಗೆಳೆತನಗಳೂ ಬೇಡವಾಗಿದ್ದರೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಹುಡುಗರಲ್ಲಿ ದುಃಖವು ಸಿಟ್ಟಿನ ರೂಪದಲ್ಲಿ ಕಾಣಿಸುವುದುಂಟು. ‘ನಾನಿಲ್ಲದಿದ್ದರೆ ನಿಮಗೆ ಸುಖ’ ಎಂಬ ಮಾತು, ಇಷ್ಟದ ವಸ್ತುಗಳನ್ನು ಇತರರಿಗೆ ಕೊಟ್ಟುಬಿಡುವುದು, ಇವುಗಳನ್ನು ಕಂಡರೆ ಎರಡು ವಾರ ಕಾಯಬೇಡಿ. ಆ ದಿನವೇ ಮಾತನಾಡಿ.

ಹೇಗೆ ಮಾತನಾಡುವುದು? ನೇರವಾಗಿ ಕೇಳಬೇಕು. “ಬದುಕುವುದೇ ಬೇಡವೆಂದು ಅನಿಸುತ್ತಿದೆಯೇನವ್ವಾ?” ಎಂದು ಮೃದುವಾಗಿ ಕೇಳಿ. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆಂದು ಹಲವರು ಹೆದರುತ್ತಾರೆ. ಇದು ತಪ್ಪು ಕಲ್ಪನೆಯೆಂಬುದು ಅಧ್ಯಯನಗಳಿಂದ ತಿಳಿದುಬಂದಿದೆ. ಕೇಳಿದವರಿದ್ದಾರೆಂಬುದರಿಂದಲೇ ಮನಸ್ಸಿನ ಭಾರ ಇಳಿಯುತ್ತದೆ. ಉತ್ತರ ‘ಹೌದು’ ಎಂದು ಬಂದರೆ ಗದರಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ಕೇಳಿಸಿಕೊಳ್ಳಿ, ಒಬ್ಬಂಟಿಯಾಗಿ ಬಿಡಬೇಡಿ, ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಮಗುವು ಪ್ರಾಣಕ್ಕೆ ಅಪಾಯ ಮಾಡಿಕೊಂಡಿದ್ದರೆ ಪೋಲೀಸರಿಗೆ ಹೆದರಿ ಆಸ್ಪತ್ರೆಗೆ ಹೋಗಲು ತಡಮಾಡಬಾರದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 115ನೆಯ ಪ್ರಕರಣದಂತೆ ಅಂತಹವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದು ಭಾವಿಸಬೇಕೇ ಹೊರತು ಶಿಕ್ಷಿಸುವಂತಿಲ್ಲ. ಅವರ ಆರೈಕೆಯ ಹೊಣೆಯನ್ನು ಕಾನೂನು ಸರಕಾರದ ಮೇಲೆ ಹೊರಿಸಿದೆ.

ಸಹಾಯ ಎಲ್ಲಿ ದೊರೆಯುತ್ತದೆ?

ಮನಸ್ಸಿನ ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂಬ ಕಾಲವೊಂದಿತ್ತು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಈ ಚಿಕಿತ್ಸೆಯನ್ನು ಹಳ್ಳಿಗಳ ಸಮೀಪದಲ್ಲಿಯೇ ಕೊಡಬಹುದೆಂದು ತೋರಿಸಿಕೊಟ್ಟಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿ. ಹದಿಹರೆಯದವರಿಗಾಗಿ ಸರಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳಿವೆ. ‘ಮನೋಚೈತನ್ಯ’ ಕಾರ್ಯಕ್ರಮದಂತೆ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಲ್ಲಿ ಮನೋವೈದ್ಯರು ಬರುವ ಏರ್ಪಾಡಾಯಿತು. ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ, ಯಾವ ಹೊತ್ತು ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಳ್ಳಿ. ರಾತ್ರಿಯ ಹೊತ್ತು ಸಹಾಯ ಬೇಕಾದರೆ 14416 ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಎಂಬ ಈ ಸೇವೆ ಉಚಿತ. ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು. ಈ ಸಂಖ್ಯೆಯನ್ನು ವಿದ್ಯಾರ್ಥಿನಿಲಯದ ಊಟದ ಕೋಣೆಯ ಗೋಡೆಯ ಮೇಲೆ ಬರೆಸುವಂತೆ ಮೇಲ್ವಿಚಾರಕರನ್ನು ಕೇಳಿಕೊಳ್ಳಿ.

ವೈದ್ಯರು ಮಾತ್ರೆ ಬರೆದುಕೊಟ್ಟರೆ ಗಾಬರಿಪಡಬೇಕಾಗಿಲ್ಲ. ಖಿನ್ನತೆಯ ಮಾತ್ರೆಗಳ ಗುಣ ತಿಳಿಯಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಗುಣ ಕಾಣಲಿಲ್ಲವೆಂದಾಗಲಿ, ಗುಣವಾಯಿತೆಂದಾಗಲಿ ಕೇಳದೆ ನಿಲ್ಲಿಸಕೂಡದು. ಮೊದಲ ವಾರಗಳಲ್ಲಿ ಮಗುವಿನ ಮೇಲೆ ಹೆಚ್ಚಿನ ಗಮನವಿರಲಿ. ತಳಮಳ ಹೆಚ್ಚಾದರೆ ಕೂಡಲೇ ತಿಳಿಸಿ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಎಷ್ಟೋ ಮಕ್ಕಳಿಗೆ ನಾಲ್ಕಾರು ಸಲ ಆಪ್ತಸಮಾಲೋಚಕರೊಡನೆ ಮಾತನಾಡಿದರೆ ಸಾಕಾಗುತ್ತದೆ. ಮೊದಲ ಭೇಟಿಯಲ್ಲಿ ಅವರು ಮಗುವಿನೊಡನೆ ಮಾತ್ರ ಮಾತನಾಡಬೇಕೆಂದು ಹೇಳಬಹುದು. ಆಗ ನೀವು ಹೊರಗಿನ ಬೆಂಚಿನ ಮೇಲೆ ಕುಳಿತಿರಿ. ಮಗು ಹೊರಗೆ ಬಂದಾಗ ಒಳಗೆ ಏನು ಮಾತಾಯಿತೆಂದು ಕೇಳದೆ, ಬಸ್ಸಿಗೆ ಹೊತ್ತಿದ್ದರೆ ಒಂದು ಎಳನೀರು ಕುಡಿಸಿ ಮನೆಗೆ ಕರೆದುಕೊಂಡು ಬನ್ನಿ.